ಕುಂಕುಮದಡಿಯ ಮುಖ

ನಮ್ಮ ಕಡೆಯ ಹೆಸರಾಂತ ಚಿತ್ರಕಾರನೊಬ್ಬ ಬದುಕಿದ ಊರುಗಳನ್ನು ನೋಡಲು ನಾನು ಹೊರಟದ್ದು ಕಲೆಯ ಮೇಲಿನ ಪ್ರೀತಿಯಿಂದಲ್ಲ. ಕಲೆ ನನಗೆ ಅಷ್ಟಕ್ಕಷ್ಟೇ. ನಾನು ಆರು ತಿಂಗಳ ಕೂಸಿದ್ದಾಗ ಅವ್ವ ತೀರಿಕೊಂಡಳು. ಅವಳದೊಂದು ಫೋಟೊ ಇಲ್ಲ.

ಆದರೆ ಅಪ್ಪ ಹೇಳುತ್ತಿದ್ದ: ಚಿತ್ರಕಾರ ಗೋಕಾಕದಲ್ಲಿ ನಮ್ಮ ಬಾಜೂ ಖೋಲಿಯಲ್ಲಿದ್ದಾಗ ಹುಕ್ಕೇರಿಯ ದೊಡ್ಡ ಮನೆಯವರು ತೀರಿಹೋದ ತಮ್ಮ ಹಿರಿಯಮ್ಮನ ಚಿತ್ರ ಬರೆಸಿದರು. ಅವರಲ್ಲೂ ಫೋಟೊ ಇರಲಿಲ್ಲ. ಇವನು ದಿನಾ ತನಗೆ ಮಜ್ಜಿಗೆ ಕೊಡುತ್ತಿದ್ದ ನನ್ನವ್ವನ ಮುಖವನ್ನೇ ಬರೆದು, ಕೂದಲಿಗಷ್ಟು ಬಿಳಿ ಬಳಿದು ಕಳಿಸಿದ. ಅವರು ಥೇಟ್ ನಮ್ಮಮ್ಮ ಎಂದು ಅತ್ತರಂತೆ. ಗುಟ್ಟು ರಟ್ಟಾದೀತೆಂದು ಅಪ್ಪ ಇರುವತನಕ ನನ್ನನ್ನು ಆ ಕಡೆ ಬಿಡಲಿಲ್ಲ.

ಅರವತ್ತು ದಾಟಿದ ಮೇಲೂ ನೇರ ಹುಕ್ಕೇರಿಗೆ ಹೋಗಲು ಧೈರ್ಯ ಸಾಲದೆ ಸುತ್ತು ಹಾಕಿದೆ. ಗೋಕಾಕದಲ್ಲಿ ಅವನ ಖೋಲಿ ಈಗ ಗಿರಣಿಯಾಗಿದೆ. ಗಿರಣಿಯವನು ಗೋಡೆಯ ಕೆಂಪು ಕಲೆಯನ್ನು ತೋರಿಸಿ, ಅದು ಚಿತ್ರಕಾರ ಕೈ ಒರೆಸಿದ ಬಣ್ಣ ಎಂದ. ಹತ್ತಿರ ಹೋಗಿ ನೋಡಿದೆ. ಹನ್ನೊಂದು ಸಲ ಸೀನಿದೆ. ಅದು ಖಾರಪುಡಿ.

ಮೂಡಲಗಿಯಲ್ಲಿ ಅವನು ನವಿಲು ಬರೆದ ಬಾಗಿಲೊಂದಿತ್ತು. ಅಂಥ ದೊಡ್ಡವನ ಕೆಲಸವೆಂದು ಮನೆಯವರು ಅದನ್ನು ಪ್ರತಿ ಅಮಾವಾಸ್ಯೆಗೆ ಸೋಪು ಹಚ್ಚಿ ತಿಕ್ಕಿದ್ದರು. ಬಾಗಿಲು ಬಲು ಸ್ವಚ್ಛವಾಗಿತ್ತು. ನವಿಲು ಮಾತ್ರ ಇರಲಿಲ್ಲ.

ಹುಕ್ಕೇರಿಯ ಮನೆಯಲ್ಲಿ ಚಿತ್ರ ಇತ್ತು, ದೇವರ ಜಗಲಿಯ ಮೇಲೆ, ಮೂರ್ತಿಗಳ ಪಕ್ಕ. ಮುಖ ಇರಲಿಲ್ಲ. ಆ ಮನೆಗೆ ಬಂದ ಪ್ರತಿ ಸೊಸೆ ಮೊದಲ ದಿನ ಚಿತ್ರಕ್ಕೆ ಕುಂಕುಮ ಹಚ್ಚಬೇಕು, ಆಮೇಲೆ ಪ್ರತಿ ಸೋಮವಾರ. ಗಾಜು ಹಾಕಿಸಿದರೆ ಅಮ್ಮನಿಗೆ ಮುಟ್ಟುವುದಿಲ್ಲವೆಂದು ಹಾಕಿಸಿರಲಿಲ್ಲ. ಹಣೆಯಿಂದ ಗದ್ದದವರೆಗೆ ಬೆರಳು ದಪ್ಪದ ಕುಂಕುಮ, ವಿಭೂತಿ. ಅದರ ಮೇಲೊಂದು ಮೂಗುತಿ ಅಂಟಿಸಿದ್ದರು. ನನಗೆ ಎಂಥ ಸಿಟ್ಟು ಬಂತೆಂದರೆ ಉಗುರಿನಿಂದ ಕೆರೆದುಬಿಡಬೇಕೆನಿಸಿತು. ಕೆರೆದು ಏನೆಂದು ಹೇಳಲಿ? ಇದು ನಿಮ್ಮಮ್ಮನಲ್ಲ, ನನ್ನವ್ವ ಎಂದೇ?

ಮೂಲೆಯಲ್ಲಿ ಕೂತಿದ್ದ ಹಿರಿಯ ಸೊಸೆ ಆಗಿನಿಂದ ನನ್ನನ್ನೇ ನೋಡುತ್ತಿದ್ದಳು. ಎಂಬತ್ತರ ಮುದುಕಿ. ಎದ್ದು ಬಂದು ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು.

"ನಾ ಮದುವ್ಯಾಗಿ ಬಂದಾಗ ಅಮ್ಮನ ಮಾರಿ ಇನ್ನಾ ಕಾಣ್ತಿತ್ರಿ. ಮೀಸಿ ಒಂದ ಬಿಟ್ರ ಹಿಂಗ ಇತ್ತು."

ಸೊಸೆಯಂದಿರು ಸಾಲಾಗಿ ಬಂದು ನನ್ನ ಕಾಲಿಗೆ ಬಿದ್ದರು. ಒಬ್ಬಳು ಕುಂಕುಮದ ಬಟ್ಟಲು ತಂದಳು. ನಾನು ಹಣೆ ಕೊಟ್ಟೆ.

ಅಲ್ಲಿಂದ ನೇರ ಬಸ್ ಸ್ಟ್ಯಾಂಡಿನ ಕಟಿಂಗ್ ಅಂಗಡಿಗೆ ಹೋಗಿ, ನಲವತ್ತು ವರ್ಷ ಸಾಕಿದ ಮೀಸೆ ತೆಗೆಯಲು ಹೇಳಿದೆ. ಗಂಡಸು ಸುಮ್ಮನೆ ಮೀಸೆ ಬೋಳಿಸುವುದಿಲ್ಲವೆಂದು ಅಂಗಡಿಯವನಿಗೆ ಗೊತ್ತು. ಕತ್ತಿಗೆ ಹೊಸ ಬ್ಲೇಡು ಹಾಕಿ, ಮೆಲ್ಲಗೆ ಯಾರು ತೀರಿಕೊಂಡರೆಂದು ಕೇಳಿದ.

"ಅವ್ವ" ಎಂದೆ.

"ಯಾವಾಗ್ರಿ?"

"ನಾ ಆರ ತಿಂಗಳ ಕೂಸಿದ್ದಾಗ."

ಅವನ ಕೈ ನಿಂತಿತು. ನಿಲ್ಲಿಸಬೇಡ, ಬೇಗ ಮಾಡು ಎಂದೆ. ನಾನು ಆಗಲೇ ಕನ್ನಡಿ ನೋಡುತ್ತ ಕೂತಿದ್ದೆ.