ಮೂರನೆಯ ಉಂಗುರ

ಗೋಕಾಕದ ಮೇದಾರ ಓಣಿಯಲ್ಲಿ ಉದ್ದಪ್ಪನ ಅಂಗಳ ಯಾವುದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಎಲ್ಲಿ ಬಿದಿರಿನ ಸಿಪ್ಪೆ ರಾಶಿ ಬಿದ್ದು, ಅದರ ನಡುವೆ ಒಬ್ಬ ಮನುಷ್ಯ ಬಿದಿರಿಗೇ ಬೈಯುತ್ತ ಕೂತಿರುತ್ತಾನೋ ಅದೇ ಅವನ ಅಂಗಳ. ಮನುಷ್ಯರಿಗೆ ಅವನು ಬೈದದ್ದು ಕಡಿಮೆ. ಸೀಳು ಅಡ್ಡ ಹೋದರೆ ಮಾತ್ರ ಬಿದಿರಿನ ತಾಯಿ, ತಂದೆ, ಅದನ್ನು ಹುಕ್ಕೇರಿ ಕಡೆಯಿಂದ ಹೇರಿಕೊಂಡು ಬಂದ ಬಂಡಿಯ ಎತ್ತು, ಯಾರನ್ನೂ ಬಿಡುತ್ತಿರಲಿಲ್ಲ. ಹೆಂಡತಿ ಸಾತವ್ವ ಒಳಗಿನಿಂದ, "ಅದಕ್ಕೇನ ಕಿವಿ ಅದಾವೇನ್ರಿ?" ಎಂದು ಕೂಗುತ್ತಿದ್ದಳು.

ಬಿದಿರಿಗೆ ಕಿವಿ ಇರಲಿಲ್ಲ, ಕಣ್ಣಿತ್ತು. ಪ್ರತಿ ಗೆಣ್ಣಿನ ಮಗ್ಗುಲಿಗೆ ಮೊಳಕೆ ಒಡೆಯುವ ಜಾಗವೊಂದು ಉಬ್ಬಿಕೊಂಡಿರುತ್ತದೆ. ಒಂದು ಗೆಣ್ಣಿಗೆ ಬಲಕ್ಕಿದ್ದರೆ ಮುಂದಿನದಕ್ಕೆ ಎಡಕ್ಕೆ. ಮೇದಾರರು ಅದನ್ನೇ ಕಣ್ಣು ಎನ್ನುತ್ತಾರೆ. ಕಣ್ಣಿನ ಮೇಲೆ ಕಟ್ಟು ಹಾಕಬಾರದು ಎಂಬುದು ಆ ಓಣಿಯ ಮೊದಲ ಪಾಠ. ಅಲ್ಲಿ ಹಾಕಿದ ಕಟ್ಟು ಹಾಕಿದ ದಿನ ಬಿಗಿಯಾಗಿಯೇ ಕಾಣುತ್ತದೆ. ಭಾರ ಬಿದ್ದ ದಿನ ಹೊರಳುತ್ತದೆ, ಬಿದಿರು ಅಲ್ಲಿಂದಲೇ ಬಾಯಿ ಬಿಡುತ್ತದೆ. ಉದ್ದಪ್ಪನಿಗೆ ಈ ಪಾಠ ಹೇಳಿಕೊಟ್ಟದ್ದು ಅವನ ಅಪ್ಪ, ಕತ್ತಿಯ ಹಿಡಿಯಿಂದ ಬೆರಳಗಂಟಿನ ಮೇಲೆ ಬಡಿದು ಬಡಿದು. ಮುಪ್ಪಿನಲ್ಲೂ ಉದ್ದಪ್ಪ ಕಟ್ಟು ಹಾಕುವ ಮುಂಚೆ ಹೆಬ್ಬೆರಳಿನಿಂದ ಗೆಣ್ಣನ್ನು ಸವರಿ ನೋಡುತ್ತಿದ್ದ.

ಒಮ್ಮೆ ಮಾತ್ರ ಅವನು ಸವರಿ ನೋಡಿದ, ಕಣ್ಣು ಸಿಕ್ಕಿತು, ಆದರೂ ಅದರ ಮೇಲೆಯೇ ಕಟ್ಟಿದ.

ಅದು ಸಾವಿರದ ಒಂಬೈನೂರ ಹನ್ನೊಂದನೆಯ ಇಸವಿ, ಮಿರಗದ ಮಳೆ ಶುರುವಾಗುವ ಹೊತ್ತು. ಅಂಬಿಗರ ಯಲ್ಲಾರಿ ಹೊಸ ಹರಗೋಲಿಗೆ ಬಿದಿರಿನ ಬುಟ್ಟಿ ಹೆಣೆಯಲು ಹೇಳಿದ್ದ. ಘಟಪ್ರಭೆ ಆಗಲೇ ಕೆಂಪಾಗಿತ್ತು. ನದಿಯಾಚೆ ಕಲ್ಲೋಳಿ, ಮೂಡಲಗಿ ಕಡೆಗೆ ಹೋಗುವ ಜನ ಎರಡು ದಿನದಿಂದ ದಂಡೆಯಲ್ಲಿ ಗಂಟುಮೂಟೆ ಇಟ್ಟುಕೊಂಡು ಕೂತಿದ್ದರು. ಯಲ್ಲಾರಿ ಬುಟ್ಟಿಗೆ ಹೊದಿಸುವ ತೊಗಲು ನೆನೆಹಾಕಿ ಬಂದು, "ಉದ್ದಣ್ಣಾ, ಆತೇನೋ?" ಎಂದು ಗಳಿಗೆಗೊಮ್ಮೆ ಕೇಳುತ್ತಿದ್ದ. ಅಂಚಿಗೆ ಸುತ್ತಿದ ಬಿದಿರ ಗಳದ ಎರಡು ತುದಿ ಸೇರುವ ಜಾಗಕ್ಕೆ ಸರಿಯಾಗಿ ಒಂದು ಕಣ್ಣು ಬಂತು. ಆ ಗಳ ಬಿಚ್ಚಿ ಬೇರೆ ಗಳ ಸೀಳಬೇಕೆಂದರೆ ಇನ್ನೊಂದು ದಿನ ಬೇಕು. ಉದ್ದಪ್ಪ ಕಣ್ಣಿನ ಮೇಲೆಯೇ ಮೂರು ಸುತ್ತು ಹೆಚ್ಚಿಗೆ ಬಿಗಿದು, "ಆತು, ತುಗೊಂಡ ಹೋಗು" ಎಂದ.

ಹದಿನೈದು ದಿನಕ್ಕೆ ಹರಗೋಲು ಮೇಲವಂಕಿಯ ಹತ್ತಿರ ಬಂಡೆಗೆ ತಗುಲಿತು. ಅದರಲ್ಲಿ ಯಲ್ಲಾರಿ ಒಬ್ಬನೇ ಇದ್ದ, ಜನರನ್ನು ಆಚೆ ಇಳಿಸಿ ಮರಳುತ್ತಿದ್ದ. ಅಂಚು ಬಾಯಿ ಬಿಟ್ಟು ಅವನ ಬಲಗೈಯನ್ನು ಬಂಡೆಗೂ ಬಿದಿರಿಗೂ ನಡುವೆ ಹಿಡಿದು ಅರೆಯಿತು. ಮೂರು ಬೆರಳು ಹೋದವು, ಹೆಬ್ಬೆರಳು ಮತ್ತು ತೋರುಬೆರಳು ಉಳಿದವು. ಮಣಿಕಟ್ಟು ಸೆಟೆದು ನಿಂತಿತು. ಆ ಕೈಯಲ್ಲಿ ಹುಟ್ಟು ಹಾಕಲು ಬರಲಿಲ್ಲ, ಬಲೆ ಬೀಸಲು ಬರಲಿಲ್ಲ. ಊರೆಲ್ಲ ಹೊಳೆಯನ್ನು ಬೈದಿತು, ಬಂಡೆಯನ್ನು ಬೈದಿತು. ಮುರಿದ ಹರಗೋಲನ್ನು ನೋಡಲು ಹೋದ ಉದ್ದಪ್ಪ ಬಾಯಿ ಬಿಟ್ಟ ಜಾಗವನ್ನು ಒಂದು ಸಲ ಸವರಿದ. ಯಾರಿಗೂ ಏನೂ ಹೇಳದೆ ಮನೆಗೆ ಬಂದ. ಸಾತವ್ವನಿಗೆ ಮಾತ್ರ ಹೇಳಿದ.

"ಹೋಗಿ ಅವಗ ಹೇಳ್ರಿ," ಎಂದಳು ಅವಳು.

"ಕೈ ಮಾಯಲಿ. ಆಮ್ಯಾಲ ಹೇಳತೇನಿ."

ಕೈ ಮಾಯಿತು. ಅವನು ಹೇಳಲಿಲ್ಲ. ಒಂದು ದಿನ ತಡವಾದ ಮಾತು ಮರುದಿನ ಇನ್ನಷ್ಟು ಕಷ್ಟವಾಗುತ್ತದೆ, ವರ್ಷ ಕಳೆದರೆ ಬಾಯಿಗೇ ಬರುವುದಿಲ್ಲ. ಯಲ್ಲಾರಿಯ ಹೆಂಡತಿ ಕರೆವ್ವ ಮೀನಿನ ಬುಟ್ಟಿ ಬಿಟ್ಟು ಕಳೆ ಕೀಳುವ ಕೂಲಿಗೆ ಹೋಗತೊಡಗಿದಳು. ಯಲ್ಲಾರಿ ದಂಡೆಯ ಕಟ್ಟೆಯ ಮೇಲೆ ಕೂತು ಬೇರೆಯವರ ಹರಗೋಲು ಹೋಗಿ ಬರುವುದನ್ನು ನೋಡುತ್ತಿದ್ದ. ಉದ್ದಪ್ಪ ಆ ದಾರಿ ಬಿಟ್ಟು ಸುತ್ತು ಹಾಕಿ ಹೋಗತೊಡಗಿದ. ಹೇಗಾದರೂ ಮಾಡಿ ಯಲ್ಲಾರಿಯನ್ನು ಹೊಳೆಗೆ ಮರಳಿಸಬೇಕು ಎಂಬುದೊಂದೇ ಅವನ ತಲೆಯಲ್ಲಿ ಉಳಿಯಿತು. ಹೇಳಲಾಗದ ಮಾತಿಗೆ ಕೈಯಿಂದಲಾದರೂ ಜಾಮೀನು ಕೊಡೋಣ ಎಂದುಕೊಂಡನೋ ಏನೋ.

ದಾರಿ ಸಿಕ್ಕಿದ್ದು ಹದಿನಾಲ್ಕನೆಯ ಇಸವಿಯಲ್ಲಿ. ನೂಲಿನ ಮಿಲ್ಲಿನಲ್ಲಿದ್ದ ಒಬ್ಬ ಸಾಹೇಬ ರವಿವಾರ ಬಂತೆಂದರೆ ಗಾಳ ಹಾಕಲು ಬರುತ್ತಿದ್ದ. ಅವನ ಗಾಳದ ಕೋಲು ಮುರಿದಾಗ ನಡುವಿನ ತುಂಡನ್ನು ಉದ್ದಪ್ಪನೇ ಗಟ್ಟಿ ಬಿದಿರಿನಲ್ಲಿ ಮಾಡಿಕೊಟ್ಟಿದ್ದ. ಯುದ್ಧ ಶುರುವಾಗಿ ಸಾಹೇಬ ಊರಿಗೆ ಹೊರಟಾಗ ಆ ಕೋಲನ್ನೂ ಅದರ ಗಾಲಿಯನ್ನೂ ಉದ್ದಪ್ಪನ ಅಂಗಳದಲ್ಲಿ ಬಿಟ್ಟು ಹೋದ. ಗಾಲಿ ಎಂದರೆ ದಾರ ಸುತ್ತುವ ಹಿತ್ತಾಳೆಯ ಚಕ್ರ, ಹಿಡಿಯ ಮೇಲೆ ಕೂತಿರುತ್ತಿತ್ತು. ಅಲ್ಲಿಂದ ತುದಿಯವರೆಗೆ ಕೋಲಿನ ಬೆನ್ನ ಮೇಲೆ ಸಾಲಾಗಿ ಎಂಟು ಸಣ್ಣ ಉಂಗುರಗಳು, ದಾರ ಅವುಗಳೊಳಗಿಂದ ಹೋಗುತ್ತಿತ್ತು.

ಉದ್ದಪ್ಪ ಅದನ್ನು ಹೆಗಲಿಗಿಟ್ಟುಕೊಂಡು ನೇರ ಯಲ್ಲಾರಿಯ ಕಟ್ಟೆಗೆ ಹೋದ. ಯಲ್ಲಾರಿ ಹಿಡಿಯನ್ನು ಕಂಕುಳಲ್ಲಿ ಇರುಕಿಕೊಂಡು, ಉಳಿದ ಹೆಬ್ಬೆರಳಿನಿಂದ ಗಾಲಿಯನ್ನು ಅದುಮಿ ತಡೆದು, ಎಡಗೈಯಿಂದ ತಿರುವಲು ಕಲಿತ. ಮೂರನೆಯ ದಿನ ಒಂದು ಬಾಳೆಮೀನು ಕಚ್ಚಿತು. ದಾರ ಬಿಗಿಯಾದದ್ದೇ ತಡ, ಕೋಲು ಅವನ ಎರಡು ಬೆರಳಿನ ಹಿಡಿತದಲ್ಲಿ ಗಿರಕ್ಕನೆ ಹೊರಳಿತು. ಬೆನ್ನ ಮೇಲಿದ್ದ ಉಂಗುರಗಳು ಕೋಲಿನ ಹೊಟ್ಟೆಗೆ, ಅಂದರೆ ಕೆಳಮಗ್ಗುಲಿಗೆ ಬಂದವು, ಗಾಲಿ ಅಡಿಯಾಗಿ ಹೆಬ್ಬೆರಳು ಜಾರಿತು. ಮೀನು ದಾರವನ್ನೂ ಗಾಳವನ್ನೂ ಒಯ್ದಿತು.

"ಒಯ್ಯೋ ಇದನ್ನ," ಎಂದ ಯಲ್ಲಾರಿ. "ಕೈ ಇಲ್ಲದಾಂವಗ ಹೊಳಿ ಯಾಕ?"

ಉದ್ದಪ್ಪ ಕೋಲು ತಂದು ಅಂಗಳದ ಗೂಟಕ್ಕೆ ದಾರ ಕಟ್ಟಿ ಎಳೆದೆಳೆದು ನೋಡಿದ. ಪ್ರತಿ ಸಲವೂ ಅದು ಹೊರಳಲು ನೋಡುತ್ತಿತ್ತು. ಗಟ್ಟಿ ಕೈಯ ಸಾಹೇಬ ಅದನ್ನು ಹೊರಳಲು ಬಿಟ್ಟಿರಲಿಲ್ಲ, ಅಷ್ಟೇ. ಎರಡು ದಿನ ಬಿದಿರಿಗೆ ಬೈದು, ಮೂರನೆಯ ದಿನ ಬೈಗುಳ ನಿಲ್ಲಿಸಿದ. ದಾರದ ಎಳೆತಕ್ಕೆ ಉಂಗುರಗಳು ಹೊರಳಿ ಹೋಗಲು ನೋಡುವುದು ಹೊಟ್ಟೆಯ ಕಡೆಗೆ. ಹಾಗಿದ್ದರೆ ಉಂಗುರಗಳನ್ನೇ ಮೊದಲೇ ಅಲ್ಲಿಗೆ ಒಯ್ದರೆ? ಗಾಲಿ ಮಾತ್ರ ಮೇಲೆಯೇ ಇರಬೇಕು, ಯಲ್ಲಾರಿಗೆ ಉಳಿದದ್ದು ಆ ಹೆಬ್ಬೆರಳು. ಆದ್ದರಿಂದ ಮೊದಲನೆಯ ಉಂಗುರವನ್ನು ಬೆನ್ನ ಮೇಲೆಯೇ ಕಟ್ಟಿದ. ಎರಡನೆಯದನ್ನು ಬಲಕ್ಕೆ ವಾಲಿಸಿದ. ಮೂರನೆಯದನ್ನು ಪೂರ್ತಿ ಮಗ್ಗುಲಿಗೆ ತಂದ. ನಾಲ್ಕನೆಯದು ಹೊಟ್ಟೆಯ ಕೆಳಗೆ, ಅಲ್ಲಿಂದ ತುದಿಯವರೆಗೂ ಕೆಳಗೇ. ಪ್ರತಿ ಗೆಣ್ಣನ್ನೂ ಸವರಿ, ಕಣ್ಣು ತಪ್ಪಿಸಿ, ರೇಶ್ಮೆ ದಾರ ಸುತ್ತಿ ಅರಗು ಬಳಿದ. ಬಳ್ಳಿ ಮರವನ್ನು ಸುತ್ತಿ ಇಳಿದ ಹಾಗೆ ಗಾಳದ ದಾರ ಕೋಲನ್ನು ಅರ್ಧ ಸುತ್ತು ಸುತ್ತಿ ಕೆಳಗಿಳಿಯಿತು.

ಓಣಿಯೆಲ್ಲ ನಕ್ಕಿತು. ಕುಡಿದು ಕಟ್ಟಿದ್ದೇನು ಎಂದರು. ಸಾತವ್ವನೂ ಸೆರಗು ಬಾಯಿಗಿಟ್ಟುಕೊಂಡಳು. ಯಲ್ಲಾರಿ ನಗಲಿಲ್ಲ. ಕೋಲನ್ನು ಬಗ್ಗಿಸಿ ಹಿಡಿದು ನೋಡಿದ, ಅದು ಅವನ ಎರಡು ಬೆರಳಲ್ಲಿ ಅಲುಗದೆ ನಿಂತಿತು. ಆ ವಾರದ ಸಂತೆಯಲ್ಲಿ ಕರೆವ್ವ ಮತ್ತೆ ಮೀನಿನ ಬುಟ್ಟಿ ಇಟ್ಟುಕೊಂಡು ಕೂತಳು. ಅದನ್ನು ದೂರದಿಂದ ನೋಡಿದ ಉದ್ದಪ್ಪ ಮೊರ ಮಾರುವುದನ್ನು ಅರ್ಧಕ್ಕೆ ಬಿಟ್ಟು ಮನೆಗೆ ಹೋಗಿ ಅತ್ತ.

ಆ ಕಟ್ಟಿನಲ್ಲಿ ಕೊರತೆ ಇರಲಿಲ್ಲ ಎಂದಲ್ಲ. ಸಾಹೇಬನ ಉಂಗುರಗಳ ನೇರ ಸಾಲಿಗಿಂತ ಗಾಳ ಎರಡು ಮಾರು ಈಚೆಗೇ ಬೀಳುತ್ತಿತ್ತು. ಕೋಲನ್ನು ಬಂಡೆಯ ಮೇಲೆ ಮಲಗಿಸಿದರೆ ಕೆಳಗಿನ ಉಂಗುರಗಳು ಕಲ್ಲಿಗೆ ತಿಕ್ಕಿ ಸವೆಯುತ್ತಿದ್ದವು. ಅದನ್ನು ಆನಿಸಿಡಲು ಯಲ್ಲಾರಿ ಒಂದು ಕವೆಗೋಲು ಒಯ್ಯಬೇಕಾಯಿತು. ಎಲ್ಲಕ್ಕಿಂತ ದೊಡ್ಡ ಕೊರತೆ ಮೂರನೆಯ ಉಂಗುರದ್ದು. ದಾರ ಅಲ್ಲಿಯೇ ತಿರುಗಿ ಇಳಿಯಬೇಕು, ಎಳೆತವೆಲ್ಲ ಅದಕ್ಕೆ ಅಡ್ಡಲಾಗಿ ಬೀಳುತ್ತಿತ್ತು. ಎಷ್ಟು ಬಿಗಿದರೂ ವರ್ಷದೊಳಗೆ ಆ ಒಂದು ಕಟ್ಟು ಸಡಿಲವಾಗುತ್ತಿತ್ತು. ಹೀಗಾಗಿ ಪ್ರತಿ ವರ್ಷ ಮಿರಗಕ್ಕೆ ಮುಂಚೆ ಯಲ್ಲಾರಿ ಕೋಲು ಹಿಡಿದು ಅಂಗಳಕ್ಕೆ ಬರಬೇಕು, ಉದ್ದಪ್ಪ ಹಳೆಯ ದಾರ ಬಿಚ್ಚಿ ಹೊಸದು ಸುತ್ತಬೇಕು. ಆ ದಿನ ಸಾತವ್ವ ರೊಟ್ಟಿಯ ಜೊತೆ ಬದನೆಕಾಯಿ ಎಣ್ಣೆಗಾಯಿ ಮಾಡುತ್ತಿದ್ದಳು. ಯಲ್ಲಾರಿ ಹಿಂದಿನ ವರ್ಷದ ಮೀನುಗಳನ್ನೆಲ್ಲ ಒಂದೊಂದಾಗಿ ಹೇಳುತ್ತಿದ್ದ, ಪ್ರತಿ ಮೀನೂ ಗೇಣು ಗೇಣು ಬೆಳೆಯುತ್ತಿತ್ತು. ವರ್ಷ ವರ್ಷವೂ ಉದ್ದಪ್ಪ ಈ ಸಲ ಹೇಳಿಬಿಡಬೇಕು ಎಂದುಕೊಂಡು ದಾರ ಸುತ್ತುತ್ತಿದ್ದ. ಕೊನೆಯ ಗಂಟು ಬೀಳುವ ಹೊತ್ತಿಗೆ ಧೈರ್ಯ ಹೋಗಿರುತ್ತಿತ್ತು.

ಹೀಗೆ ಹದಿಮೂರು ವರ್ಷ ಹೋದವು. ಇಪ್ಪತ್ತೆಂಟನೆಯ ಇಸವಿಯಲ್ಲಿ ಯಲ್ಲಾರಿಯ ಮಗಳ ಮದುವೆ. ಕರೆವ್ವನಿಗೆ ಅಣ್ಣತಮ್ಮಂದಿರು ಇರಲಿಲ್ಲ. ಸೋದರಮಾವನ ತಲೆಗೆ ಸುತ್ತುವ ಮರ್ಯಾದೆಯ ಪಟಕಾವನ್ನು ಉದ್ದಪ್ಪನಿಗೇ ಸುತ್ತಬೇಕು ಎಂದು ಯಲ್ಲಾರಿ ಹಟ ಹಿಡಿದ. ಚಪ್ಪರದಲ್ಲಿ ಕುಲದವರು ಮೇದಾರನಿಗೆ ಪಟಕಾ ಯಾಕೆ ಎಂದು ಗೊಣಗಿದಾಗ ಅವನು ಬಲಗೈ ಎತ್ತಿ ತೋರಿಸಿದ.

"ಈ ಕೈ ಹೊಳಿ ಒಯ್ದಿತ್ತು. ತಿರುಗಿ ಕೊಟ್ಟಾಂವ ಇಂವ. ಇವನ್ನ ಬಿಟ್ಟ ಮತ್ಯಾರಿಗೆ ಸುತ್ತಲಿ?"

ಹೊಸ ಪಟಕಾದ ಒಂದು ಸುತ್ತು ಉದ್ದಪ್ಪನ ತಲೆಯ ಮೇಲೆ ಬಿದ್ದಿತ್ತು. ಅವನು ಯಲ್ಲಾರಿಯ ಮುಂಗೈ ಹಿಡಿದು ಚಪ್ಪರದ ಹಿಂದಕ್ಕೆ ಎಳೆದೊಯ್ದ.

"ಹೊಳಿ ಒಯ್ದಿಲ್ಲೋ ಯಲ್ಲಾರಿ. ನಾ ಒಯ್ದೇನಿ. ಆ ಹರಗೋಲಿನ ಅಂಚು ಕಣ್ಣಿನ ಮ್ಯಾಲ ಕಟ್ಟಿದ್ದೆ. ಗೊತ್ತಿದ್ದ ಕಟ್ಟಿದ್ದೆ. ನೀ ಅವಸರ ಮಾಡಾಕತ್ತಿದ್ದಿ, ನನಗ ಗಳ ಬಿಚ್ಚಾಕ ಬ್ಯಾಸರ ಬಂತು. ಇಷ್ಟ ಖರೆ."

ಯಲ್ಲಾರಿ ತನ್ನ ಎರಡು ಬೆರಳುಗಳನ್ನು ನೋಡಿಕೊಂಡ.

"ಹದಿನೇಳ ವರ್ಷ ನನ್ನ ಮುಂದ ಕುಂತ ರೊಟ್ಟಿ ತಿಂದಿ," ಎಂದ. ಉದ್ದಪ್ಪನ ತಲೆಯಿಂದ ಪಟಕಾವನ್ನು ನಿಧಾನಕ್ಕೆ ಬಿಚ್ಚಿ ಎಡಗೈಗೆ ಸುತ್ತಿಕೊಂಡು ಒಳಗೆ ಹೋದ.

ಮರುವರ್ಷ ಮಿರಗ ಹತ್ತಿರ ಬಂತು. ಸಾತವ್ವ ಬದನೆಕಾಯಿ ತಂದಿಟ್ಟಳು, ಅವು ಬಾಡಿದವು. ಉದ್ದಪ್ಪ ರೇಶ್ಮೆ ದಾರ ಹೊಸೆದು, ಅರಗು ಕುಟ್ಟಿ ಇಟ್ಟುಕೊಂಡು ಓಣಿಯ ತುದಿ ನೋಡುತ್ತ ಕೂತ. ಯಲ್ಲಾರಿ ಬರಲಿಲ್ಲ. ಸಿಟ್ಟು ಇರಲಿ, ಅದು ಅವನ ಹಕ್ಕು. ಆದರೆ ಮೂರನೆಯ ಉಂಗುರ? ಅದು ಇಷ್ಟು ಹೊತ್ತಿಗೆ ಸಡಿಲವಾಗಿರಲೇಬೇಕು. ದೊಡ್ಡ ಮೀನು ಕಚ್ಚಿದ ದಿನ ಉಂಗುರ ಕಿತ್ತು ಬಂದರೆ, ಕೋಲು ಸೀಳಿ ಆ ಉಳಿದ ಎರಡು ಬೆರಳಿಗೂ ತಗುಲಿದರೆ? ಉದ್ದಪ್ಪ ಮತ್ತೆ ಬಿದಿರಿಗೆ ಬೈಯತೊಡಗಿದ.

"ಇಲ್ಲಿ ಕುಂತ ಬಿದಿರಿಗೆ ಬೈಬ್ಯಾಡ್ರಿ," ಎಂದಳು ಸಾತವ್ವ. "ಅಂವ ಬರಲಿಲ್ಲಂದ್ರ ನೀವು ಹೋಗ್ರಿ. ಬೈದ್ರ ಬೈಸ್ಕೊಂಡ ಬರ್ರಿ."

ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ ದಾರ, ಅರಗು, ಸಣ್ಣ ಕತ್ತಿ ಉಡಿಯಲ್ಲಿ ಕಟ್ಟಿಕೊಂಡು ಅವನು ಹೊಳೆಗೆ ಹೋದ. ಯಲ್ಲಾರಿ ಮೇಲವಂಕಿ ಕಡೆಯ ದಂಡೆಯಲ್ಲಿ ಗಾಳ ಬಿಟ್ಟು ಕೂತಿದ್ದ. ನೀರು ಕೆಂಪಾಗಿ ಹರಿಯುತ್ತಿತ್ತು. ಉದ್ದಪ್ಪ ಎರಡು ಮಾರು ದೂರ ಕೂತ. ಮೀನು ಕಚ್ಚಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಯಲ್ಲಾರಿ ದಾರ ಸುತ್ತಿ ಕೋಲನ್ನು ಕವೆಗೋಲಿಗೆ ಒರಗಿಸಿದ. ಆಗ ಉದ್ದಪ್ಪನಿಗೆ ಮೂರನೆಯ ಉಂಗುರ ಕಂಡಿತು.

ಅದನ್ನು ಯಲ್ಲಾರಿ ತಾನೇ ಕಟ್ಟಿದ್ದ. ಬಲೆಯ ಹಳೆಯ ಹುರಿ, ಹಲ್ಲಿನಿಂದ ಎಳೆದು ಬಿಗಿದ ಗಂಟುಗಳು, ಒಂದರ ಮೇಲೊಂದು. ಉಂಗುರ ಬೆರಳಷ್ಟು ಜರುಗಿ ಗೆಣ್ಣಿನ ಉಬ್ಬಿನ ಮೇಲೆ ಕೂತಿತ್ತು. ಅದರ ಅಂಚಿನಲ್ಲಿ ಬಿದಿರು ಕೂದಲೆಳೆಯಷ್ಟು ಸೀಳಿತ್ತು. ಉದ್ದಪ್ಪನಿಗೆ ತಡೆಯಲಾಗಲಿಲ್ಲ.

"ಕಣ್ಣಿನ ಮ್ಯಾಲ ಕಟ್ಟೀದಿಯಲ್ಲೋ!"

ಯಲ್ಲಾರಿ ಹೊಳೆಯಿಂದ ಮುಖ ತಿರುಗಿಸದೆ ಹೇಳಿದ:

"ನೀನೂ ಕಟ್ಟಿದ್ದಿ."

ಉದ್ದಪ್ಪನ ಕಣ್ಣಲ್ಲಿ ನೀರು ಬಂತು. ಅವನು ಒರೆಸಿಕೊಳ್ಳಲೂ ಇಲ್ಲ, ಏಳಲೂ ಇಲ್ಲ. ಆಚೆ ದಂಡೆಯಲ್ಲಿ ಯಾರೋ ಹರಗೋಲಿಗಾಗಿ ಕೂಗುತ್ತಿದ್ದರು.

ಯಲ್ಲಾರಿ ಕೋಲನ್ನು ಎತ್ತಿ ಅವನ ತೊಡೆಯ ಮೇಲೆ ಇಟ್ಟ.

"ಬಿಚ್ಚು," ಎಂದ. "ಬಿಚ್ಚಿ ಸರಿ ಕಟ್ಟು."

ಉದ್ದಪ್ಪ ಹುರಿಯನ್ನು ಕೊಯ್ದ. ಗೆಣ್ಣನ್ನು ಸವರಿ ಕಣ್ಣು ಎಲ್ಲಿದೆ ಎಂದು ನೋಡಿ, ಉಂಗುರವನ್ನು ಅದರಿಂದ ದೂರ ಸರಿಸಿದ. ಸೀಳಿಗೆ ಮೊದಲು ಒಂದು ಸುತ್ತು ಹಾಕಬೇಕಿತ್ತು. ಒದ್ದೆ ಬಿದಿರಿನ ಮೇಲೆ ದಾರದ ತುದಿ ಎರಡು ಸಲ ಜಾರಿತು. ಮೂರನೆಯ ಸಲ ಯಲ್ಲಾರಿ ಹತ್ತಿರ ಸರಿದು ಬಲಗೈ ಮುಂದೆ ಮಾಡಿದ. ಉಳಿದ ಆ ಎರಡು ಬೆರಳಿನಿಂದ ದಾರದ ತುದಿಯನ್ನು ಒತ್ತಿ ಹಿಡಿದುಕೊಂಡ, ಕೊನೆಯ ಗಂಟು ಬೀಳುವವರೆಗೂ ಬಿಡಲಿಲ್ಲ.