ಶೀಲಕ್ಕನ ಹಿಟ್ಟಿನ ಎತ್ತರ

ಮುಂಬೈ ದಹಿಸರಿನ ನಮ್ಮ ಬಿಲ್ಡಿಂಗಿನಲ್ಲಿ ಇಡ್ಲಿ ಹಿಟ್ಟು ಮಾರುವ ಶೀಲಾವತಿ ಅಕ್ಕನಿಗೆ ಗಡಿಯಾರ ಬೇಕಿರಲಿಲ್ಲ, ಮೂಗು ಸಾಕಿತ್ತು. ಇಪ್ಪತ್ತೆರಡು ವರ್ಷ ಹುಳಿಯ ವಾಸನೆ ಹಿಡಿದೇ ‘ಬಂತು, ಫ್ರಿಜ್ಜಿಗೆ ಇಡಿ’ ಎನ್ನುತ್ತಿದ್ದರು. ಹೋದ ವರ್ಷದ ಜ್ವರ ಇಳಿಯುವಾಗ ವಾಸನೆಯನ್ನೂ ಕರೆದುಕೊಂಡು ಹೋಯಿತು. ಆಮೇಲೆ ಎರಡು ಸಲ ಹಿಟ್ಟು ಹುಳಿ ಮೀರಿತು. ಇನ್ನೊಮ್ಮೆ ಹೀಗಾದರೆ ಬೇರೆಯವರಿಂದ ತರಿಸುತ್ತೇವೆ ಎಂದರು ಮಲಾಡಿನ ಅಂಗಡಿಯವರು.

ಮುಚ್ಚಳ ತೆಗೆದು ನೋಡುತ್ತ ಕೂರಬಹುದಿತ್ತು. ಆದರೆ ಉಬ್ಬುವ ಹಿಟ್ಟನ್ನು ಪದೇ ಪದೇ ತೆರೆಯಬಾರದೆಂಬುದು ಅವರ ಅತ್ತೆಯ ಕಾಲದ ಕಟ್ಟಳೆ.

ಐವತ್ತಾರರ ಅಕ್ಕ ಯೂಟ್ಯೂಬ್ ನೋಡಿ ಆರ್ಡುಯಿನೋ ಎಂಬ ಅಂಗೈಯಗಲದ ಕಂಪ್ಯೂಟರ್ ಬೋರ್ಡನ್ನೂ ಎರಡು ದುಂಡು ಕಣ್ಣಿನ ಸೆನ್ಸರನ್ನೂ ತರಿಸಿದರು. ಒಂದು ಕಣ್ಣು ನಮಗೆ ಕೇಳಿಸದ ಕೂಗು ಹಾಕುತ್ತದೆ, ಹಿಟ್ಟಿಗೆ ಬಡಿದು ಮರಳಿದ್ದನ್ನು ಇನ್ನೊಂದು ಹಿಡಿಯುತ್ತದೆ; ಮರಳಲು ಹಿಡಿದ ಹೊತ್ತಿನಿಂದ ದೂರ ಸಿಗುತ್ತದೆ; ಹಿಟ್ಟು ಉಬ್ಬಿದಷ್ಟೂ ದೂರ ಕಡಿಮೆ.

“ಅಡಿಗೆಮನೆಗೂ ಸೆನ್ಸಾರ್ ಬಂತಾ? ಎಂತ ಕಟ್ ಮಾಡ್ತದೆ ಅದು?” ಎಂದರು ಗಂಡ ಶೇಖರಣ್ಣ.

“ನಿಮ್ಮ ಮಾತನ್ನು.”

ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ನನ್ನನ್ನೂ ಕರೆದು, ಹಿಟ್ಟು ರುಬ್ಬಿ, ಮುಚ್ಚಳಕ್ಕೆ ಎರಡು ತೂತು ಕೊರೆದು ಸೆನ್ಸರ್ ಕೂರಿಸಿದರು. ನಾಲ್ಕು ವೈರನ್ನು ಬೋರ್ಡಿಗೆ, ಬೋರ್ಡನ್ನು ಮಗಳ ಹಳೆಯ ಲ್ಯಾಪ್‌ಟಾಪಿಗೆ ಜೋಡಿಸಿದರು. ಪರದೆಯ ಮೇಲೆ ಬರೀ ಸೊನ್ನೆ. ವೈರುಗಳನ್ನು ಮೂರು ಸಲ ಕಿತ್ತು ಮತ್ತೆ ಸಿಕ್ಕಿಸಿದರೂ ಅದೇ ಸೊನ್ನೆ.

“ಸೆನ್ಸರಿನಲ್ಲಿ ಎಕೋ ಎಂದು ಬರೆದ ಪಿನ್ನಿನಿಂದ ಯಾಕೋ ಉತ್ತರವೇ ಇಲ್ಲ,” ಎಂದೆ. ಯಾರೂ ನಗಲಿಲ್ಲ. ಮುಚ್ಚಳ ತಿರುಗಿಸಿ ನೋಡಿದರೆ ಎರಡು ಕಣ್ಣಿಗೂ ದಪ್ಪನೆ ಗಂಧ, ಮೇಲೆ ಕುಂಕುಮ.

“ಅಕ್ಕಾ, ಅದರ ಬಾಯಿಗೇ ಗಂಧ ಮೆತ್ತಿದ್ದೀರಿ. ಕೂಗುವುದು ಹೇಗೆ?”

“ಅಯ್ಯೋ! ಹೊಸ ಮಿಕ್ಸಿಗೂ ಹಚ್ಚಿದ್ದೆ, ಅದು ತಿರುಗಿತಲ್ಲ!”

ಹತ್ತಿಯಿಂದ ಒರೆಸಿದರು. ಮುಚ್ಚಳ ಮತ್ತೆ ಪಾತ್ರೆಗೆ ಇಟ್ಟಾಗ ಇಪ್ಪತ್ತು ಸೆಂಟಿಮೀಟರ್ ಎಂದು ಮೂಡಿತು. ಅಂಚಿನಿಂದ ಅಂಗೈ ಒಳಗೆ ತೂರಿಸಿ ಹಿಡಿದರೆ ಎಂಟು, ತೆಗೆದರೆ ಇಪ್ಪತ್ತು. ಕಾನ್ವೆಂಟಿನಲ್ಲಿ ಪ್ರತಿಧ್ವನಿಯ ಪಾಠ ಬಾಯಿಪಾಠ ಮಾಡಿದ್ದೆ, ಕಂಡದ್ದು ಅವತ್ತೇ.

ಪಾತ್ರೆಯಲ್ಲಿ ಹತ್ತು ಸೆಂಟಿಮೀಟರ್ ಎತ್ತರವಿದ್ದ ಹಿಟ್ಟು ಇಮ್ಮಡಿಯಾದಾಗ ಹತ್ತು ತೋರಬೇಕೆಂದು ಅಕ್ಕನ ಲೆಕ್ಕ. ಹನ್ನೊಂದಕ್ಕೆ ಹದಿನೇಳು, ಒಂದಕ್ಕೆ ಹದಿಮೂರು. ಮುಚ್ಚಿದ ಪಾತ್ರೆಯೊಳಗೆ ಯಾರೂ ಮುಟ್ಟದ ಹಿಟ್ಟು ಮೇಲೇರುವುದನ್ನು ಮೂವರೂ ಊಟ ಮರೆತು ನೋಡಿದೆವು. “ಉಸಿರಾಡ್ತಾ ಉಂಟು,” ಎಂದರು ಅಕ್ಕ, ಮಗು ಮಲಗಿದ ಕೋಣೆಯಲ್ಲಿ ಮಾತಾಡುವಂತೆ.

ಎರಡಕ್ಕೆ ಹತ್ತು ಬಂತು. ಮುಚ್ಚಳ ತೆಗೆದರು. ಶೇಖರಣ್ಣ ಬಗ್ಗಿ ಮೂಸಿದರು. ತಮಾಷೆ ಮಾಡಲಿಲ್ಲ.

“ಸರಿಯಾಗಿ ಬಂದಿದೆ ಮಾರಾಯ್ತಿ. ನಿನ್ನ ಮೂಗು ಇದ್ದಾಗಿನ ಹಾಗೆಯೇ.”

ಅಕ್ಕನೂ ಅಭ್ಯಾಸಬಲದಿಂದ ಬಗ್ಗಿ ಉಸಿರೆಳೆದರು. ಏನೂ ಸಿಗಲಿಲ್ಲವೆಂದು ಮುಖವೇ ಹೇಳಿತು. ಆದರೂ ನಕ್ಕು ಸೌಟು ಹಿಡಿದರು. “ಪ್ಯಾಕೆಟ್ ಕೊಡಿ. ಮಲಾಡಿಗೆ ನಾಲ್ಕರ ಲೋಕಲ್ ಹಿಡೀಬೇಕು.”