ಹೊಸಿಲಿಗೆ ಹೊಡೆದ ಮೂರು ಮೊಳೆ

ಮೊಳೆ ಮರವನ್ನು ಕೊರೆಯುವುದಿಲ್ಲ. ಎಳೆಗಳನ್ನು ಅತ್ತಿತ್ತ ತಳ್ಳಿ ಜಾಗ ಮಾಡಿಕೊಳ್ಳುತ್ತದೆ. ಆ ಎಳೆಗಳು ತಿರುಗಿ ಒತ್ತುವುದರಿಂದಲೇ ಅದು ಅಲ್ಲಾಡದೆ ನಿಲ್ಲುವುದು. ತುದಿಗೆ ತಂದು ಹೊಡೆದರೆ ಆಚೆ ತಡೆಯಲು ಮರವೇ ಇರುವುದಿಲ್ಲ, ಸೀಳುತ್ತದೆ. ಕಂಪಲಾಪುರದ ಹತ್ತಿರದ ಹೈಸ್ಕೂಲಿನಲ್ಲಿ ಪ್ರತಿ ವರ್ಷ ಇದನ್ನು ಪಾಠ ಮಾಡುತ್ತೇನೆ. ಮಕ್ಕಳಿಗೆ ತಿಳಿಯುತ್ತದೆ. ನಮ್ಮ ಮನೆಯವರಿಗೆ ತಿಳಿಯಲಿಲ್ಲ.

ಹುಣಸೂರಿನಲ್ಲಿ ನನ್ನ ತಮ್ಮ ಮನೆ ಕಟ್ಟಿಸಿದ್ದ. ಗೃಹಪ್ರವೇಶದ ಬೆಳಿಗ್ಗೆ ಹೊಸಿಲಿಗೆ ಮೊಳೆ ಹೊಡೆಯುವ ಶಾಸ್ತ್ರ. ಕೆಟ್ಟದ್ದು ಒಳಗೆ ಬರಬಾರದಲ್ಲ, ಅದಕ್ಕೆ. ಚೆನ್ನಾಗಿ ಒಣಗಿದ ತೇಗದ ಹೊಸಿಲು. ಶಾಸ್ತ್ರ ಹೇಳಲು ಬಂದಿದ್ದ ಅಯ್ಯನವರು ಮೂರು ದಪ್ಪ ಮೊಳೆ ಕೊಟ್ಟು, ಬಲತುದಿಯಲ್ಲಿ ಒಂದರ ಹಿಂದೆ ಒಂದು ನೇರ ಸಾಲಿಗೆ ಹೊಡೆಯಬೇಕೆಂದರು. ಅಂದರೆ ಮೂರೂ ಒಂದೇ ಎಳೆಯ ಮೇಲೆ. ಮೊದಲು ಸಣ್ಣದಾಗಿ ತೂತು ಹಾಕಿಸಿ ಅಂದೆ. ತೂತು ಹಾಕಿದರೆ ಮೊಳೆಯ ಶಕ್ತಿ ಹೋಗುತ್ತದಂತೆ! ತಮ್ಮ ಸುತ್ತಿಗೆ ಎತ್ತಿಯೇಬಿಟ್ಟ. ಮೂರನೆಯ ಮೊಳೆಗೆ ಹೊಸಿಲು ಟಪ್ಪನೆ ಸೀಳಿತು.

ಆ ಹೊತ್ತಿಗೆ ಸರಿಯಾಗಿ ನಮ್ಮವ್ವ ಬಾಗಿಲ ಎದುರು ನಿಂತಿದ್ದಳು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಡೆದ ಮೊದಲ ಶುಭಕಾರ್ಯ ಅದು. ಎಲ್ಲರ ಕಣ್ಣೂ ಹೊಸಿಲನ್ನು ಬಿಟ್ಟು ಕುಂಕುಮವಿಲ್ಲದ ಅವಳ ಹಣೆಗೆ ಹೋಯಿತು. ಮುತ್ತೈದೆಯರು ನಿಲ್ಲುವ ಜಾಗದಲ್ಲಿ ಇವಳಿಗೇನು ಕೆಲಸ ಎಂದು ಗುಸುಗುಸು ಶುರುವಾಯಿತು. ಕಟ್ಟುವಾಗ ದಿನಾ ಬಿಂದಿಗೆಯಲ್ಲಿ ನೀರು ಹೊತ್ತು ಆ ಗೋಡೆಗಳನ್ನು ನೆನೆಸಿದವಳು ಅವಳು. ಆಗ ಯಾರೂ ಹಣೆ ನೋಡಿರಲಿಲ್ಲ. ಅವ್ವ ಹಿತ್ತಲಿಗೆ ಸರಿದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಹಿತ್ತಲಿನ ಸೌದೆ ರಾಶಿಯಿಂದ ಅದೇ ತೇಗದ ಉಳಿಕೆ ತುಂಡೊಂದನ್ನು ತಂದು, ಎಲ್ಲರ ಮುಂದೆ ರೇಷ್ಮೆ ಸೀರೆಯಲ್ಲೇ ಕುಕ್ಕರಗಾಲಲ್ಲಿ ಕೂತು ತುದಿಗೆ ಮೊಳೆ ಹೊಡೆದೆ. ಸೀಳಿತು. ಇನ್ನೊಂದು ತುದಿಗೆ ಬಡಗಿ ಬಿಟ್ಟುಹೋಗಿದ್ದ ಬೈರಿಗೆಯಲ್ಲಿ ತೂತು ಹಾಕಿ ಹೊಡೆದೆ. ಏನೂ ಆಗಲಿಲ್ಲ. ಇಲ್ಲಿ ಯಾವ ವಿಧವೆ ನಿಂತಿದ್ದಳು, ಹೇಳಿ ಎಂದು ಕೇಳಿದೆ. ನಮ್ಮ ಸೋದರತ್ತೆ ತಣ್ಣಗೆ ಅಂದಳು:

"ಆ ಸೌದೆನೆಲ್ಲ ಬೆಳಿಗ್ಗೆ ನಮ್ಮತ್ತಿಗೆನೇ ಅಲ್ವಾ ಎತ್ತಾಕಿದ್ದು?"

ಎಲ್ಲರೂ ಅವ್ವ ಹೋದ ಕಡೆ ನೋಡಿ, ಹೌದೆಂದು ತಲೆಯಾಡಿಸಿದರು. ಇಂಥವರಿಗೆ ಯಾವ ಪ್ರಯೋಗ ಮಾಡಿ ತೋರಿಸುವುದು? ತಮ್ಮನ ಕಡೆ ತಿರುಗಿ, "ಹೊಡ್ದೋನು ನೀನು ಕಣೋ, ಅಷ್ಟಾದ್ರೂ ಬಾಯಿ ಬುಟ್ಟು ಹೇಳು" ಅಂದೆ. ಅವನು ನನ್ನ ಕೈಯಿಂದ ಸುತ್ತಿಗೆ ತೆಗೆದು ಕೆಳಗಿಟ್ಟು, ಇವತ್ತೊಂದಿನ ಸುಮ್ಮನಿರಕ್ಕ ಅಂದ.

ಮಾರನೆಯ ದಿನವೇ ಬಡಗಿ ಬಂದು ಬಿರುಕಿಗೆ ಅಂಟು ತುಂಬಿ, ಮೇಲೊಂದು ಹಿತ್ತಾಳೆ ಪಟ್ಟಿ ಬಡಿದು ಹೋದ. ಈಗ ನೋಡಿದವರಿಗೆ ಹೊಸಿಲು ಸೀಳಿತ್ತೆಂದೇ ಗೊತ್ತಾಗುವುದಿಲ್ಲ. ಅವ್ವ ಮಾತ್ರ ಇವತ್ತಿಗೂ ಹಿತ್ತಲ ಬಾಗಿಲಿಂದಲೇ ಓಡಾಡುತ್ತಾಳೆ. ಹೋದ ತಿಂಗಳು ರೇಗಿ, ಕೈ ಹಿಡಿದು ಮುಂಬಾಗಿಲ ತನಕ ಎಳೆದುಕೊಂಡು ಹೋದೆ. ಕೈ ಬಿಡಿಸಿಕೊಂಡಳು.

"ಬ್ಯಾಡ ಕಣವ್ವ. ಮನೇಲಿ ಮಕ್ಳು ಮರಿ ಅವೆ. ನಾನು ದಾಟಿ ಏನಾರಾ ಆದ್ರೆ?"